ಮಾಲೀಕನ ಕಾಲಿನ ಅಳತೆ

ಇನ್ನೊಮ್ಮೆ ತುಳಿಯಲಿ ಎಂದು ತಿಪ್ಪೇಶಪ್ಪನಿಗೆ ಅನ್ನಿಸಿತು. ಅಪ್ಪ ಮಾರಪ್ಪ ತುಳಿದ. ಹೊಲಿಗೆ ಯಂತ್ರ ಟಕಟಕನೆ ಓಡಿ, ಚರ್ಮದ ಚೂರನ್ನು ಈ ಕಡೆಯಿಂದ ನುಂಗಿ ಆ ಕಡೆಗೆ ಉಗುಳಿತು. ದಬ್ಬಳದಲ್ಲಿ ಚುಚ್ಚಿ ಚುಚ್ಚಿ ಹೊತ್ತು ಮುಳುಗಿಸುತ್ತಿದ್ದ ಹೊಲಿಗೆ ರೆಪ್ಪೆ ಬಡಿಯುವಷ್ಟರಲ್ಲಿ ಮುಗಿದಿತ್ತು. ಮಾರಪ್ಪ ಚೂರನ್ನು ಬೆಳಕಿಗೆ ಹಿಡಿದ. ಹಲ್ಲಿನಿಂದ ದಾರ ಎಳೆದು ನೋಡಿದ.

"ಕೀಳಾಕೆ ಬರಂಗಿಲ್ಲ! ಏ ಇವಳೇ, ಬಾರೇ ಇಲ್ಲಿ, ದಾರ ಕೀಳಾಕೇ ಬರಂಗಿಲ್ಲ!"

ಹೊಸ ಅಂಗಡಿಯ ಬಾಗಿಲಿಗೆ ಮಾವಿನ ಸೊಪ್ಪು ಕಟ್ಟುತ್ತಿದ್ದ ಹೊನ್ನೂರಮ್ಮ ಓಡಿಬಂದಳು. ಗಂಡ ಹೀಗೆ ಕೂಗಿದ್ದನ್ನು ಮಗ ಹುಟ್ಟಿದ ದಿನ ಬಿಟ್ಟರೆ ಅವಳು ಕೇಳಿರಲಿಲ್ಲ.

ಕೆರೆಬಿಳಚಿಯ ಮನೆಯ ಜಗಲಿಯ ಮೇಲೆ ನಡೆಯುತ್ತಿದ್ದ ಮೆಟ್ಟು ಹೊಲಿಯುವ ಕಸುಬು ಇವತ್ತು ಚನ್ನಗಿರಿಯ ಬಸ್ ಸ್ಟ್ಯಾಂಡಿನ ಪಕ್ಕಕ್ಕೆ ಬಂದಿತ್ತು. ಸರ್ಕಾರ ಅನುದಾನ ಕೊಟ್ಟಿತ್ತು. ಆದರೆ ಅದು ಓದಿದ ನಿರುದ್ಯೋಗಿಗಳಿಗೆ ಮಾತ್ರ. ಹಾಗಾಗಿ ಚರ್ಮ ಮುಟ್ಟದೆ ಬೆಳೆದ ಬಿ.ಎ. ಪದವೀಧರ ತಿಪ್ಪೇಶಪ್ಪ ಅರ್ಜಿಯಲ್ಲಿ ಮಾಲೀಕನಾದ, ಕುಶಲಕರ್ಮಿಯೂ ಆದ. ಮಾರಪ್ಪ ಸಹಾಯಕನಾದ.

"ಸಹಾಯಕ ಅಂದ್ರೆ ಏನಲಾ?"

"ಜೊತೆಗಿರೋನು, ಅಪ್ಪಾ."

"ಹಂಗಾರೆ ಸರಿಯಾಗೇ ಬರ್ದಾರೆ. ಇನ್ನೆಲ್ಲಿಗೆ ಹೋಗ್ಲಿ ನಾನು?"

ಅಪ್ಪನಿಗೆ ಅವಮಾನವಾಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು ಎಂದು ತಿಪ್ಪೇಶಪ್ಪನಿಗೆ ಯಾಕೆ ಅನ್ನಿಸಿತೋ.

ಅನುದಾನ ಕೊಡಿಸಿದ್ದ ವಿಸ್ತರಣಾಧಿಕಾರಿ ಪಾಲಣ್ಣ ಫೋಟೋದವನನ್ನು ಕರೆದುಕೊಂಡೇ ಬಂದರು. "ಏನ್ರೀ ಮಾಲೀಕರೇ, ಕೂತ್ಕಳ್ರಿ ಯಂತ್ರದ ಮುಂದೆ."

"ತುಳಿಯೋದು ಅಪ್ಪ, ಸಾರ್."

"ತುಳೀಲಿ ಬಿಡ್ರಿ ಆಮೇಲೆ. ಫೋಟೋದಾಗೆ ನೀವಿರಬೇಕು. ಯಜಮಾನ್ರೇ, ಹಿಂದೆ ಸರೀರಿ ಒಂಚೂರು."

ಯಜಮಾನರು ಸಂಭ್ರಮದಿಂದ ಹಿಂದೆ ಸರಿದರು. ತಿಪ್ಪೇಶಪ್ಪ ಎರಡೂ ಕೈಯನ್ನು ಯಂತ್ರದ ಮೇಲಿಟ್ಟ. ಯಾರದೋ ಕುದುರೆಯ ಬೆನ್ನು ಸವರಿದ ಹಾಗಿತ್ತು. ಬೆಳಕು ಫಳ್ಳೆಂದಿತು.

"ಮುಂದಿನ ವರ್ಷಕ್ಕೆ ಇನ್ನೊಂದು ಯಂತ್ರ ಕೊಡಿಸ್ತೀನಿ. ಹೊನ್ನಾಳಿ, ಜಗಳೂರು, ಎಲ್ಲಾ ಕಡೆ ಬೋರ್ಡ್ ಬೀಳ್ಬೇಕು ನಿಮ್ದು," ಎಂದರು ಪಾಲಣ್ಣ.

ಇದು ಬರಿಯ ಬಾಯಿಮಾತಲ್ಲ ಎಂದು ತಿಳಿದು ತಿಪ್ಪೇಶಪ್ಪನ ಎದೆ ನಿಜಕ್ಕೂ ಉಬ್ಬಿತು. ಊರೂರಿನ ಬಸ್ ಸ್ಟ್ಯಾಂಡಿನಲ್ಲಿ ತನ್ನ ಹೆಸರು ಕಂಡಿತು. ಆ ಹೆಸರಿನ ಕೆಳಗೆ ತಾನು ಎಲ್ಲಿ ನಿಂತಿದ್ದೇನೆ ಎಂಬುದು ಮಾತ್ರ ಕಾಣಲಿಲ್ಲ.

ಜನ ಬಂದರು. ಸವಳಂಗದ ಬಸ್ಸಿಳಿದವರು, ಉಬ್ರಾಣಿಯಿಂದ ಸಂತೆಗೆ ಬಂದವರು, ಯಂತ್ರ ನೋಡಲು ಬಂದು ಕಾಲು ಕೊಟ್ಟು ಹೋದರು. ಕಾಲಿನಡಿ ಹಾಳೆ ಇಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯುವುದನ್ನು ತಿಪ್ಪೇಶಪ್ಪ ಶಿವಮೊಗ್ಗದ ತರಬೇತಿಯಲ್ಲಿ ಕಲಿತಿದ್ದ. ಅವನಿಗೆ ಬರುತ್ತಿದ್ದುದು ಅದೊಂದೇ.

ಹೊನ್ನೂರಮ್ಮ ಬಂದವರಿಗೆಲ್ಲ ಮಂಡಕ್ಕಿ ಕೊಡುತ್ತ ಹೇಳಿದಳು: "ಚರ್ಮ ಮುಟ್ಟಬ್ಯಾಡ, ಪೆನ್ನು ಹಿಡಿ ಅಂತಿದ್ದೆ. ಈಗ ನೋಡ್ರಿ, ಪೆನ್ಸಿಲ್ ಹಿಡ್ಕಂಡೇ ಕಸುಬು ಮಾಡ್ತಾನೆ." ಕೆಲವರು ಮಂಡಕ್ಕಿ ತಿಂದರು. ಕೆಲವರು ತಿನ್ನದೆ ವಸ್ತ್ರದಲ್ಲಿ ಕಟ್ಟಿಕೊಂಡರು.

ಮಧ್ಯಾಹ್ನ ಕಲ್ಲೇಶಪ್ಪ ಬಂದ.

ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಬದುಕಿಗೆ ಅರ್ಥವಿಲ್ಲವೆಂದು ಇಬ್ಬರೂ ತುಂಗೆಯ ಸೇತುವೆಯ ಮೇಲೆ ನಿಂತು ಬಹಳ ಸಂತೋಷದಿಂದ ಒಪ್ಪಿಕೊಂಡಿದ್ದರು. ಈಗ ಅವನು ಹೊನ್ನಾಳಿಯಲ್ಲಿ ಲೆಕ್ಚರರ್.

"ಬೋರ್ಡ್ ನೋಡ್ದೆ. ನೀನೇ ಅಂತ ಗೊತ್ತಾಗ್ಲಿಲ್ಲ."

"ನಾನೇ."

"ಒಳ್ಳೇದಾಯ್ತು ಬಿಡು."

"ಕೂತ್ಕೋ."

ಇದ್ದದ್ದು ಒಂದೇ ಕುರ್ಚಿ. "ನೀನು?" ಎಂದ ಕಲ್ಲೇಶಪ್ಪ.

"ನಾನು ಅಳತೆ ತಗೋಬೇಕಲ್ಲ."

"ಬೇರೆ ಯಾರೂ..."

"ಬೇರೆ ಯಾರೂ ಕಲಿತಿಲ್ಲ."

ಕಲ್ಲೇಶಪ್ಪ ಬೂಟು ಬಿಚ್ಚಿದ. ಕಾಲುಚೀಲದ ನೇಯ್ಗೆ ಚರ್ಮದ ಮೇಲೆ ಅಚ್ಚೊತ್ತಿತ್ತು. ತಿಪ್ಪೇಶಪ್ಪ ಮಂಡಿಯೂರಿ ಹಿಮ್ಮಡಿ ಹಿಡಿದು ಹಾಳೆಯ ಮೇಲಿಟ್ಟ. ಬೆಚ್ಚಗಿತ್ತು, ಸ್ವಲ್ಪ ಒದ್ದೆಯಾಗಿತ್ತು. ಇವನ ಕೈ ಎಷ್ಟೋ ಸಲ ಕುಲುಕಿದ್ದ. ಕಾಲಿನ ಪರಿಚಯವಿರಲಿಲ್ಲ.

ಪೆನ್ಸಿಲು ಪಾದದ ಒಳಭಾಗಕ್ಕೆ ಬಂದಾಗ ಕಲ್ಲೇಶಪ್ಪ ಕಚಗುಳಿಯಾಗಿ ನಕ್ಕ. ತಿಪ್ಪೇಶಪ್ಪನೂ ನಕ್ಕ. ತಲೆಯೆತ್ತಿ ನೋಡಿದರೆ ಗೆಳೆಯ ಹೊರಗೆ ನಿಂತ ಬಸ್ಸನ್ನು ನೋಡುತ್ತಿದ್ದ. ಬೆಳಗಿನಿಂದ ಬಂದವರೆಲ್ಲ ಕಾಲು ಇವನ ಕೈಯಲ್ಲಿದ್ದ ಹೊತ್ತಿನಲ್ಲಿ ಹೊರಗೇ ನೋಡಿದ್ದರು.

ಬೂಟು ಹಾಕಿಕೊಂಡು ಎದ್ದು ಕಲ್ಲೇಶಪ್ಪ ಕೇಳಿದ: "ಯಾವಾಗ ಕೊಡ್ತೀರಿ?"

ಆ ಬಹುವಚನ ಅಂಗಡಿಗೋ, ತನಗೋ. ಇಬ್ಬರಲ್ಲಿ ಯಾರು ಬೇಕಾದರೂ ನಕ್ಕು ಅದನ್ನು ಸರಿಮಾಡಬಹುದಿತ್ತು.

"ಮುಂದಿನ ಸೋಮವಾರ ಬನ್ನಿ," ಎಂದಿತು ತಿಪ್ಪೇಶಪ್ಪನ ಬಾಯಿ.

ಕಲ್ಲೇಶಪ್ಪ ತಲೆಯಾಡಿಸಿ ಬಸ್ ಹತ್ತಿದ.

"ಯಾರಪಾ ಅವ್ರು?" ಯಂತ್ರ ನಿಲ್ಲಿಸದೆಯೇ ಕೂಗಿದ ಅಪ್ಪ.

"ಗಿರಾಕಿ."

ಸಂಜೆಗೆ ಗಿರಾಕಿಗಳು ಮುಗಿದರು, ಮಾರಪ್ಪನ ಉತ್ಸಾಹ ಮುಗಿಯಲಿಲ್ಲ. ಯಂತ್ರ ಬಿಟ್ಟು ಎದ್ದು ಕೈಯೊರೆಸಿಕೊಂಡ. "ಎಲ್ಲಾರ ಕಾಲೂ ಅಳೆದೆ. ನಿಂದು? ಮಾಲೀಕ ಹಳೇ ಮೆಟ್ಟು ಹಾಕ್ಕಂಡ್ರೆ ಯಾರು ನಂಬ್ತಾರೆ? ಕೊಡಿಲ್ಲಿ, ನಾನು ಬರೀತೀನಿ."

"ಬ್ಯಾಡ ಅಪ್ಪಾ."

"ಎಳೀಲಿ ಬಿಡೋ," ಎಂದಳು ಹೊನ್ನೂರಮ್ಮ ನಗುತ್ತ. "ಜನ್ಮದಾಗೆ ಪೆನ್ಸಿಲ್ ಹಿಡಿದಿಲ್ಲ ಪುಣ್ಯಾತ್ಮ."

ತಿಪ್ಪೇಶಪ್ಪ ಬರಿಗಾಲಲ್ಲಿ ಹಾಳೆಯ ಮೇಲೆ ನಿಂತ. ಅಪ್ಪ ಕುಕ್ಕರಗಾಲಲ್ಲಿ ಕೂತು, ನಾಲಗೆ ಕಚ್ಚಿ, ಕಿರುಬೆರಳಿನ ಪಕ್ಕದಿಂದ ಶುರುಮಾಡಿದ. ಹಿಮ್ಮಡಿ ಸುತ್ತಿದ. ಹೆಬ್ಬೆರಳಿಗೆ ಬಂದ. ಹೊರಟಲ್ಲಿಗೆ ಬಂದು ಗೆರೆ ಕೂಡಿತು. "ನೋಡೇ, ಬಂತು!" ಎಂದು ಕೂಗಿ, ಖುಷಿ ತಡೆಯಲಾರದೆ ಅದೇ ಗೆರೆಯ ಮೇಲೆ ಇನ್ನೊಂದು ಸುತ್ತು ಎಳೆದ. ಮತ್ತೊಂದು. ಗೆರೆ ದಪ್ಪವಾಯಿತು, ಕಪ್ಪಾಯಿತು, ಹಗ್ಗದ ಹಾಗಾಯಿತು.

"ಸಾಕು ಅಪ್ಪಾ."

"ತಡಿ, ಅಲ್ಲಾಡಬ್ಯಾಡ," ಎಂದ ಮಾರಪ್ಪ, ಮಗುವಿನ ಹಾಗೆ ನಗುತ್ತ. ಪೆನ್ಸಿಲು ಮತ್ತೆ ಹಿಮ್ಮಡಿ ಸುತ್ತಲು ಹೊರಟಿತು. ತಿಪ್ಪೇಶಪ್ಪ ಅಲ್ಲಾಡಲಿಲ್ಲ.