ಗೆಳೆಯ ತುಂಬಿದ ತೋಟಾ

ಗಂಡ ಅಸ್ಲಾಕ್ ಕೋವಿಯ ಒಂದೇ ತೋಟಾಕ್ಕೆ ಎರಡು ಸಲ ಮದ್ದು ಸುರಿದದ್ದನ್ನು ತಾನು ನಿಜವಾಗಿ ಕಂಡೆನೋ ಇಲ್ಲವೋ ಎಂಬುದೇ ಗುನ್ವೋರ್‌ಗೆ ಖಾತ್ರಿಯಿರಲಿಲ್ಲ. ಅವಳು ಸೌದೆ ಹೊತ್ತು ಬರುವಾಗ ಅಸ್ಲಾಕ್ ಮೇಜಿನ ಮುಂದೆ ಕೂತು ಹಿತ್ತಾಳೆ ಕೊಳವೆಗೆ ಪುಟ್ಟ ಚಮಚೆಯಿಂದ ಮದ್ದು ಹಾಕಿದ. ಹೊರಗೆ ನಾಯಿ ಬೊಗಳಿತು, ತಲೆಯೆತ್ತಿ ನೋಡಿದ, ಮತ್ತೆ ಚಮಚೆಗೆ ಕೈ ಹಾಕಿದ. ಅಷ್ಟರಲ್ಲಿ ಅವಳ ಕೈಯಿಂದ ಸೌದೆ ಜಾರಿತು. ಎತ್ತಿಕೊಂಡು ನೋಡುವ ಹೊತ್ತಿಗೆ ಕೊಳವೆಯ ಬಾಯಿಗೆ ಸೀಸದ ಗುಂಡು ಕೂತು, ಆ ತೋಟಾ ಉಳಿದವುಗಳ ಜೊತೆ ಡಬ್ಬಿ ಸೇರಿತ್ತು.

ಅಜ್ಜನ ಕಾಲದ ಕೋವಿ. ಮನೆಯಲ್ಲೇ ಎರಕ ಹೊಯ್ದ ಮೆತ್ತನೆ ಗುಂಡಿಗೆ ಚಿಟಿಕೆ ಮದ್ದು ಸಾಕು, ಕೊಳವೆ ಮುಕ್ಕಾಲು ಖಾಲಿಯೇ ಉಳಿಯುತ್ತದೆ. ಎರಡು ಸಲ ಸುರಿದರೂ ಮೇಲಿಂದ ಗೊತ್ತಾಗುವುದಿಲ್ಲ. ಹಾರಿಸಿದವನ ಮುಖದ ಹತ್ತಿರ ಕೋವಿ ಸಿಡಿದಾಗಲೇ ಗೊತ್ತಾಗುವುದು. ಅಸ್ಲಾಕ್ ಮಲಗಿದ್ದಾಗ ಅವಳು ಒಂದೊಂದನ್ನೇ ತಕ್ಕಡಿಗೆ ಹಾಕಿ ನೋಡಿದಳು. ನೂರು ಕಡೆಯಿಂದ ಕೂಡಿಸಿದ ಹಳೇ ಕೊಳವೆಗಳು, ಒಂದೊಂದರದೂ ಒಂದೊಂದು ತೂಕ. ತಕ್ಕಡಿಯಿಂದ ಏನೂ ತಿಳಿಯಲಿಲ್ಲ.

ಅಸ್ಲಾಕ್ ಕಾಫಿಗೆ ಉಪ್ಪು ಹಾಕುವುದು, ತಂಗಿಯ ಹೆಸರು ಮರೆಯುವುದು, ಇದೆಲ್ಲ ವರ್ಷದಿಂದ ನಡೆದಿತ್ತು. ಗುನ್ವೋರ್ ಯಾರಿಗೂ ಬಾಯಿಬಿಟ್ಟಿರಲಿಲ್ಲ.

ಟೆಲೆಮಾರ್ಕಿನ ಆ ಕಣಿವೆಯ ಹಳೇ ಕೋವಿಯವರಲ್ಲಿ ಒಂದು ಪದ್ಧತಿ: ಶರತ್ಕಾಲದ ಮೊದಲ ಗುರಿ ಹೊಡೆಯುವ ದಿನ ಯಾರೂ ತಮ್ಮ ತೋಟಾ ಹಾರಿಸುವಂತಿಲ್ಲ, ಜೊತೆಗಾರ ತುಂಬಿದ್ದನ್ನೇ ಹಾರಿಸಬೇಕು. ಬೇಡವೆಂದರೆ ಮುಖಕ್ಕೆ ಉಗಿದ ಹಾಗೆ. ಈ ಗಂಡಸರ ಹಠ ಬಲ್ಲವರೇ ಬಲ್ಲರು! ಅಸ್ಲಾಕನಿಗೆ ಮದುವೆಗೂ ಮುಂಚಿನಿಂದ ಐಲಿಫ್‌ನೇ ಜೊತೆಗಾರ. ಬಾಯಿಬಿಟ್ಟರೆ ಗಂಡನ ಮಾನ ಹೋಗುತ್ತದೆ, ಸುಮ್ಮನಿದ್ದರೆ ಐಲಿಫ್‌ನ ಜೀವ.

ಗುರಿಯ ದಿನ, ಶನಿವಾರ ಬೆಳಿಗ್ಗೆ, ಐಲಿಫ್ ತಾನು ತುಂಬಿದ ತೋಟಾಗಳ ಡಬ್ಬಿ ಹಿಡಿದು ಬಂದ. ಕಂದು ಚೀಸ್ ಹಚ್ಚಿದ ವಾಫಲ್ ಬಾಯಿಗಿಟ್ಟುಕೊಂಡೇ ಶುರುಮಾಡಿದ.

"ಏನೋ ಮುದಿಯಾ, ಈ ಸಲನಾದ್ರೂ ಗುರಿಗೆ ಬೀಳೋ ತೋಟಾ ತುಂಬಿದೀಯಾ?"

"ತಪ್ಪೋದು ನಿನ್ನ ಕಣ್ಣು ಕಣೋ, ನನ್ನ ತೋಟಾ ಅಲ್ಲ," ಎಂದು ಅಸ್ಲಾಕ್ ತನ್ನ ಡಬ್ಬಿ ಮುಂದೆ ತಳ್ಳಿದ.

ಐಲಿಫ್ ತನ್ನದನ್ನು ಅವನಿಗೆ ಕೊಟ್ಟು, ಅವನದನ್ನು ಜೇಬಿಗಿಳಿಸಿ ಎದ್ದ. ಗುನ್ವೋರ್‌ಗೆ ತಡೆಯಲಾಗಲಿಲ್ಲ.

"ಅದನ್ನ ಹಾರಿಸ್ಬೇಡ ಐಲಿಫ್. ಒಂದರಲ್ಲಿ ಮದ್ದು ಎರಡು ಸಲ ಬಿದ್ದಿದೆ ಅನ್ಸತ್ತೆ. ಯಾವುದು ಅಂತ ಗೊತ್ತಿಲ್ಲ."

ಅಸ್ಲಾಕನ ಮುಖ ಕೆಂಪೇರಿತು. "ನನ್ನ ಕೈ ಮೇಲೆ ಅನುಮಾನನಾ? ಅದೂ ಇವನೆದುರಿಗೆ?"

ಐಲಿಫ್ ಇಬ್ಬರನ್ನೂ ನೋಡಿ, ಡಬ್ಬಿಯನ್ನು ಜೇಬಿನಿಂದ ತೆಗೆದು ಮತ್ತೆ ಮೇಜಿನ ಮೇಲಿಟ್ಟ. "ಬಿಚ್ಚಿ ತೋರ್ಸು ಮಾರಾಯ. ಅವಳ ಬಾಯಿ ಮುಚ್ಚತ್ತೆ."

ಅಸ್ಲಾಕ್ ಕೆಲಸದ ಮೇಜಿನ ಮುಂದೆ ಕೂತು ಇಕ್ಕಳದಿಂದ ಗುಂಡು ಕಿತ್ತು, ಮದ್ದನ್ನು ತಕ್ಕಡಿಗೆ ಸುರಿದ. ಸರಿಯಿತ್ತು. ಇನ್ನೊಂದು ಬಿಚ್ಚಿದ, ಅದೂ ಸರಿ. ಪ್ರತಿ ಸಲವೂ ಹೆಂಡತಿಯ ಕಡೆ ತಿರುಗಿ ಗೆದ್ದ ನೋಟ ಬೀರಿದ. ತಾನು ಸುಳ್ಳಿಯಾದರೆ ಸಾಕು ಎಂದು ಗುನ್ವೋರ್ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು.

ಡಬ್ಬಿ ಮುಗಿಯುತ್ತ ಬಂದಾಗ ತಕ್ಕಡಿಯ ತಟ್ಟೆ ದಢಕ್ಕನೆ ಕೆಳಗಿಳಿಯಿತು.

ಅಸ್ಲಾಕ್ ಆ ಮದ್ದಿನ ಗುಡ್ಡೆಯನ್ನೇ ದಿಟ್ಟಿಸುತ್ತ ಕೂತ. ಮುಖದ ಕೋಪ ಇಳಿದು, ಈಚೆಗೆ ಗುನ್ವೋರ್ ದಿನವೂ ಕಾಣುತ್ತಿದ್ದ ಆ ಮಂಕು ಕವಿಯಿತು. ಖಾಲಿ ಕೊಳವೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ಯಾರು ತುಂಬಿದ್ದು ಇದನ್ನ?" ಎಂದ. ತಮಾಷೆಗೆ ಕೇಳಿದ್ದಲ್ಲ. "ಸಿಡಿದ್ರೆ ಮನುಷ್ಯ ಉಳೀತಾನಾ? ಯಾವ ತಲೆಕೆಟ್ಟವನು ತುಂಬಿದ್ದು?"

ಐಲಿಫ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಾನು ಕಣೋ. ನನ್ನಿಂದಲೇ ತಪ್ಪಾಯ್ತು."

ಅಸ್ಲಾಕ್ ಬೈಯಲಿಲ್ಲ. ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟ.

"ವಯಸ್ಸಾಯ್ತು ಐಲಿಫ್ ನಿಂಗೆ. ಬೇಜಾರು ಮಾಡ್ಕೋಬೇಡ. ಆದ್ರೆ ಇನ್ಮೇಲೆ ಮದ್ದು ಮುಟ್ಬೇಡ. ಮಾತು ಕೊಡು."

ಐಲಿಫ್ ಕೈ ಹಿಡಿದು ಮಾತು ಕೊಟ್ಟ.

"ಹೆದರ್ಬೇಡ," ಎಂದ ಅಸ್ಲಾಕ್, ಮಗುವಿಗೆ ಸಮಾಧಾನ ಹೇಳುವಂತೆ. "ನಿಂದೂ ನಾನೇ ತುಂಬ್ತೀನಿ."

"ಹೂಂ ಕಣೋ, ನೀನೇ ತುಂಬು," ಎಂದ ಐಲಿಫ್. ಗುನ್ವೋರ್ ಮೇಜಿನ ಮೇಲಿದ್ದ ಮದ್ದಿನ ಡಬ್ಬಿಯನ್ನು ಸೆರಗಿನಂತೆ ಹೊದ್ದಿದ್ದ ಶಾಲಿನೊಳಗೆ ಅವುಚಿಕೊಂಡು, ಅಳುತ್ತ ಹೊರಗೆ ನಡೆದಳು.