ಮೂರನೇ ಸಲ ನುಡಿಸಿದ್ದು

ಮೇಷ್ಟ್ರು ತೀರಿಹೋಗಿ ಒಂಬತ್ತು ದಿನವಾಗಿದ್ದರೂ ಅವಳ ಮನಸ್ಸು ಇನ್ನೂ ಅವರ ಪಾಠದ ಕೋಣೆಯಿಂದ ಹೊರಗೆ ಬಂದಿರಲಿಲ್ಲ. ತಾನು ಕೆಲಸ ಮಾಡುವ ಲ್ಯಾಬಿನಲ್ಲಿ ರಕ್ತ ತೆಗೆಯುವಾಗ ಎದುರಿಗೆ ಕೂತವರು ಕಣ್ಣು ಮುಚ್ಚಿದರೆ ಸಾಕು, ಸೂಜಿ ಹಿಡಿದ ಕೈ ಅಲ್ಲೇ ನಿಂತುಬಿಡುತ್ತಿತ್ತು.

“ಸ್ವಲ್ಪ ಕಣ್ಣು ಬಿಡಿ.”

“ನೋಡಿದ್ರೆ ತಲೆ ತಿರುಗುತ್ತೆ ಕಣಮ್ಮಾ, ನೀನು ಚುಚ್ಚು.”

ಗಿಟಾರ್ ಕಲಿಯಲು ಅವಳು ಮೇಷ್ಟ್ರ ಮನೆಗೆ ಹೋಗತೊಡಗಿ ಆರು ವರ್ಷ. ಮೊದಲ ದಿನ ಅವಳ ಬೆರಳುಗಳ ಓಟ ನೋಡಿ, “ಯಾಕಮ್ಮಾ, ನಾಯಿ ಅಟ್ಟಿಸ್ಕೊಂಡು ಬರ್ತಿದ್ಯಾ?” ಎಂದು ಕೇಳಿದ್ದರು. ಅಂದಿನಿಂದ ಅವಳ ಹೆಸರೇ ಎಕ್ಸ್‌ಪ್ರೆಸ್ಸು. ಅವರ ಪಾಠಕ್ಕೆ ಒಂದೇ ಕಟ್ಟಳೆ. ನುಡಿಸಿ ಮುಗಿದ ಮೇಲೆ ತಂತಿಯಿಂದ ಕೈ ಎತ್ತುವಂತಿಲ್ಲ, ತುಟಿ ಬಿಚ್ಚುವಂತಿಲ್ಲ. ಕಡೆಯ ಸ್ವರ ಪೂರ್ತಿ ಅಡಗುವವರೆಗೆ ಮೇಷ್ಟ್ರು ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಕಣ್ಣು ತೆರೆದರೆ ಗೆದ್ದಂತೆ. ತೆರೆಯದಿದ್ದರೆ ಮತ್ತೆ ಮೊದಲಿಂದ. ಕಾಯುವುದನ್ನು ಅವಳು ಕಲಿತದ್ದೇ ಅಲ್ಲಿ. ಮದುವೆ ಮುರಿದ ವರ್ಷ ಅವಳನ್ನು ಉಳಿಸಿದ್ದು ಆ ಕಲಿಕೆಯೇ.

ಆ ಗುರುವಾರ ಮಧ್ಯಾಹ್ನ, ಎರಡು ತಿಂಗಳಿಂದ ತಿದ್ದುತ್ತಿದ್ದ ರಚನೆಯನ್ನು ನುಡಿಸಿದಳು. ಮೇಷ್ಟ್ರು ಕಣ್ಣು ತೆರೆಯಲಿಲ್ಲ. ಮತ್ತೆ ನುಡಿಸಿದಳು. ತೆರೆಯಲಿಲ್ಲ. ಹಟಕ್ಕೆ ಬಿದ್ದು ಮೂರನೇ ಸಲ ನುಡಿಸಿದಳು. ಅಂಥ ನಾದ ಅವಳ ಕೈಯಿಂದ ಹಿಂದೆಂದೂ ಹೊರಟಿರಲಿಲ್ಲ. ಉಸಿರು ಬಿಗಿಹಿಡಿದು ಕಾದಳು. ಮೇಷ್ಟ್ರ ಕನ್ನಡಕ ಮೂಗಿನಿಂದ ಜಾರಿ ಮಡಿಲಿಗೆ ಬಿತ್ತು. ಅವರು ಅದನ್ನು ಹಿಡಿಯಲಿಲ್ಲ.

ಪ್ರಾಣ ಹೋಗಿ ಎಷ್ಟು ಹೊತ್ತಾಯಿತೆಂದು ಡಾಕ್ಟರು ಕೇಳಿದಾಗ “ಈಗ, ಈಗಷ್ಟೇ” ಎಂದುಬಿಟ್ಟಿದ್ದಳು. ಮೇಷ್ಟ್ರ ಹೆಂಡತಿ ಪಕ್ಕದಲ್ಲೇ ನಿಂತಿದ್ದರು. ಆ ಸುಳ್ಳನ್ನು ಇಟ್ಟುಕೊಂಡು ಬದುಕಲಾಗದು. ಹೇಳಿಬಿಟ್ಟರೆ ಆ ಮನೆಯ ಬಾಗಿಲು ತನಗೆ ಮುಚ್ಚಿದಂತೆಯೇ. ಹತ್ತನೆಯ ದಿನ ಹೋದಳು.

ಆಕೆ ಮಂಚದ ಮೇಲೆ ಮೇಷ್ಟ್ರ ಅಂಗಿಗಳನ್ನು ಹರವಿಕೊಂಡು ಮಡಿಸುತ್ತಿದ್ದರು.

“ಅಮ್ಮಾ, ನಾನು ಸುಳ್ಳು ಹೇಳಿದೆ. ಆಗಷ್ಟೇ ಆಗಿದ್ದಲ್ಲ ಅದು. ಅವರು ಕಣ್ಣು ಬಿಡ್ಲಿಲ್ಲ, ನಾನು ನುಡಿಸ್ತಾನೇ ಇದ್ದೆ. ಇಪ್ಪತ್ತು ನಿಮಿಷ ಆಗಿರ್ಬೇಕು. ಎದ್ದು ಮುಟ್ಟಿ ನೋಡ್ಲಿಲ್ಲ.”

“ಮೂರು ಸಲ,” ಎಂದರು ಆಕೆ ತಲೆಯೆತ್ತದೆ.

“ಕೇಳಿಸ್ತಾ?”

“ಗೋಡೆ ಆಚೆ ಅಡುಗೆಮನೆ ಕಣೇ. ಮೂವತ್ತೆಂಟು ವರ್ಷದಿಂದ ಇದೇ ಕೇಳ್ತಿದ್ದೀನಿ. ಎರಡು ಸಲ ಆದ್ಮೇಲೆ ಚೆನ್ನಾಗಿರ್ಲಿ ಬಿಡ್ಲಿ ಕಣ್ಣು ಬಿಡೋರು ಅವ್ರು, ಮೂರನೇ ಸಲ ಯಾರ ಕೈಲೂ ನುಡಿಸಿದೋರಲ್ಲ. ನೀನು ಮೂರನೇದು ಶುರು ಮಾಡ್ದಾಗ, ಮುದುಕಂಗೆ ಎಷ್ಟು ಕೊಬ್ಬು ನೋಡು ಅಂತ ಬೈಕೊಂಡೆ. ಎರಡು ಹೆಜ್ಜೆ ದೂರ. ಬಂದು ನೋಡ್ಲಿಲ್ಲ.”

ಆರು ವರ್ಷದಲ್ಲಿ ಅವಳು ಒಮ್ಮೆಯೂ ಮೂರನೇ ಸಲ ನುಡಿಸಿದ್ದಿಲ್ಲ. ಅದು ಈ ಕ್ಷಣದವರೆಗೂ ಅವಳಿಗೆ ಹೊಳೆದಿರಲಿಲ್ಲ.

“ನಾನು ಖುಷಿಯಾಗಿದ್ದೆ ಅಮ್ಮಾ,” ಎಂದಳು. ಹೇಳಬೇಕೆಂದು ಬಂದ ಮಾತಲ್ಲ ಅದು. “ಅಷ್ಟು ಚೆನ್ನಾಗಿ ಬಂತು. ಈ ಸಲ ಕಣ್ಣು ಬಿಡ್ತಾರೆ, ಬಿಡ್ಲೇಬೇಕು ಅಂತ ಅವರ ಮುಖಾನೇ ನೋಡ್ತಾ ಕೂತಿದ್ದೆ.”

ಆಕೆಯ ಕೈ ಅಂಗಿಯ ಕಾಲರಿನ ಮೇಲೆ ನಿಂತಿತು.

“ಚೆನ್ನಾಗಿತ್ತು,” ಎಂದರು ಕೊನೆಗೆ. “ಬೈತಾ ಇದ್ದೋಳು ಸೌಟು ಕೆಳಗಿಟ್ಟು ಕೇಳಿದೆ.”

ಮಂಚದ ಮೇಲೆ ಸ್ವಲ್ಪ ಸರಿದು ಜಾಗ ಮಾಡಿ, ಒಂದು ಅಂಗಿಯನ್ನು ಅವಳತ್ತ ತಳ್ಳಿದರು.

“ತಗೋ. ಮೊದ್ಲು ಗುಂಡಿ ಹಾಕು, ಆಮೇಲೆ ಮಡಿಸು.”