ಪಂಕ್ಚರಕ್ಕನ ಪಟ್ಟಿ

ಬೆರಳಿಗಂಟಿದ ರಬ್ಬರ್ ಸಲ್ಯೂಷನ್ನಿನ ಆ ಸಿಹಿ ಘಾಟು ಆಸ್ಪತ್ರೆಯ ಮಂಚದ ಮೇಲೂ ಪಂಕ್ಚರಕ್ಕನ ಮೂಗಿಗೆ ಬಂತು. ಅಪ್ಪನ ಸೈಕಲ್ ಅಂಗಡಿಯಲ್ಲಿ ಟೈರುಗಳ ನಡುವೆ ಕೂತು ಅಕ್ಷರ ಕಲಿತ ದಿನಗಳ ವಾಸನೆ ಅದು. ಅಪ್ಪನ ನಂತರ ಅಂಗಡಿಯೂ ಅವಳದಾಯಿತು, ಈ ಬಿರುದೂ ಅಂಟಿಕೊಂಡಿತು.

ಒಂದೂವರೆ ವರ್ಷದ ಹಿಂದೆ, ತೂಕ ಇಳಿಸಲೆಂದು, ಡಾಕ್ಟರು ಅವಳ ಜಠರದ ಮೇಲ್ತುದಿಗೆ ಮೆತ್ತನೆಯ ಪಟ್ಟಿಯೊಂದನ್ನು ತೊಡಿಸಿದ್ದರು. ಅದಕ್ಕೆ ನಳಿಕೆಯಿಂದ ಜೋಡಿಸಿ ಚರ್ಮದಡಿ ಇಟ್ಟ ಗುಂಡಿಗೆ ಸೂಜಿ ಚುಚ್ಚಿ ಉಪ್ಪುನೀರು ತುಂಬಿದರೆ ಪಟ್ಟಿ ಉಬ್ಬಿ ಬಿಗಿಯಾಗುತ್ತದೆ. ಮೂವತ್ತು ಕಿಲೋ ಇಳಿದಿದ್ದಳು. ಓಣಿಯವರು ಹೊಗಳಿದ್ದೇ ಹೊಗಳಿದ್ದು. ಆದರೆ ಈಚೆಗೆ ಎರಡು ತುತ್ತು ಇಳಿದರೆ ಮೂರನೆಯದು ಬಚ್ಚಲಿಗೆ ಓಡಿಸುತ್ತಿತ್ತು. ಮೊನ್ನೆ ಚಕ್ರ ಎತ್ತಲು ಹೋಗಿ ಕಣ್ಣು ಕತ್ತಲೆ ಬಂದಾಗ ಗಿರಾಕಿಯೇ ಅವಳನ್ನು ಹಿಡಿದು ಕೂರಿಸಿ, ಪಂಕ್ಚರ್ ತಾನೇ ಹಾಕಿಕೊಂಡು ಹೋಗಿದ್ದ.

"ಇನ್ನೂ ಹತ್ತು ಕಿಲೋ ಇಳೀಬೇಕು. ಇವತ್ತು ಒಂಚೂರು ಬಿಗಿ ಮಾಡೋಣ," ಎಂದರು ಡಾಕ್ಟರು, ಚಾರ್ಟು ನೋಡುತ್ತ.

"ಬೇಡ ಸಾರ್. ನೀರು ತೆಗೀರಿ."

ಶಾಲೆಗೆ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದಿದ್ದ ಟೀಚರ್ ಅಕ್ಕ ಹೌಹಾರಿದಳು. "ತಲೆಗಿಲೆ ಕೆಟ್ಟಿದೆಯೇನೇ? ಮತ್ತೆ ಹಳೇ ಡ್ರಮ್ ಆಗ್ಬೇಕಾ?"

"ಆಗ್ಲಿ ಬಿಡೇ. ಡ್ರಮ್ ಆದ್ರೆ ಹೊಡೆದಾಗ ಸದ್ದಾದ್ರೂ ಬರುತ್ತೆ. ನಂಗೀಗ ಮಾತಾಡೋಕೂ ತ್ರಾಣ ಇಲ್ಲ."

ನಗು ಅಡಗಿಸಲು ನರ್ಸು ಹತ್ತಿಯ ಡಬ್ಬಿಯೊಳಗೆ ಏನನ್ನೋ ಹುಡುಕಿದಳು.

"ನಿಮ್ಮ ಒಳ್ಳೇದಕ್ಕೇ ಕಣಮ್ಮ," ಎಂದರು ಡಾಕ್ಟರು.

"ಸಾರ್, ಮೂವತ್ತು ವರ್ಷದಿಂದ ಟ್ಯೂಬಿಗೆ ಗಾಳಿ ಹಾಕ್ತಿದ್ದೀನಿ. ಟೈರು ಹಿಚುಕಿ ನೋಡಿ ಹಾಕ್ತೀನಿ, ಗೋಡೆ ಮೇಲಿನ ಚಾರ್ಟು ನೋಡಿ ಅಲ್ಲ. ಗಂಟ್ಲಲ್ಲಿ ಏನು ಇಳೀತಿದೆ ಅಂತ ಒಂದ್ಸಲನಾದ್ರೂ ನನ್ನ ಕೇಳಿದ್ರಾ? ಪಟ್ಟಿ ಇರ್ಲಿ, ಬೇಡ ಅನ್ನಲ್ಲ. ಎಷ್ಟು ಬಿಗಿ ಅನ್ನೋದನ್ನ ನಾನು ಹೇಳ್ತೀನಿ."

"ಅಮ್ಮ ಹೋದ ಹಾಗೇ ಹೋಗ್ತೀಯಾ?" ಅಕ್ಕನ ದನಿ ಒಡೆಯಿತು. ದಢೂತಿ ಅಮ್ಮ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತವಳು ಮತ್ತೆ ಎದ್ದಿರಲಿಲ್ಲ.

"ತಿಂದು ಸಾಯೋದು ಬೇಡ, ಸರಿ. ಅದಕ್ಕೆ ತಿನ್ನದೇ ಸಾಯ್ಬೇಕಾ?"

ಡಾಕ್ಟರು ಚಾರ್ಟು ಮಡಚಿಟ್ಟು ಕುರ್ಚಿ ಎಳೆದುಕೊಂಡರು.

"ಹೇಳಿ. ಏನೇನು ಇಳೀತಿದೆ?"

ಅವಳು ಹೇಳಿದಳು. ಅವರು ಪೂರ್ತಿ ಕೇಳಿದರು. ಆಮೇಲೆ ಗುಂಡಿಗೆ ಚುಚ್ಚಿದ ಸಿರಿಂಜಿನೊಳಗೆ ನೀರು ನಿಧಾನವಾಗಿ ಏರಿತು. ನರ್ಸು ಅವಳನ್ನು ಎಬ್ಬಿಸಿ ಕೂರಿಸಿ, ಬೆನ್ನಿಗೆ ಕೈ ಕೊಟ್ಟು ಒಂದು ಲೋಟ ನೀರು ಕುಡಿಸಿದಳು. ಎಲ್ಲೂ ತಡೆಯದೆ ಇಳಿಯಿತು.

"ಇವತ್ತು ಮೆತ್ತಗಿರೋದೇ ತಿನ್ನಿ," ಎಂದಳು.

ಹೊರಗಿನ ಬೆಂಚಿನ ಮೇಲೆ ಅಕ್ಕ ತಂಗಿಯ ಪಕ್ಕ ಕೂತಳು. ಚೀಲದಿಂದ ತನ್ನ ಊಟದ ಡಬ್ಬಿ ತೆಗೆದಳು. ಅನ್ನವನ್ನು ಚಮಚದ ಬೆನ್ನಿನಿಂದ ಒಂದಗುಳೂ ಉಳಿಯದಂತೆ ನುಣ್ಣಗೆ ಕಿವುಚಿದಳು. ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡೇ ಡಬ್ಬಿಯನ್ನು ತಂಗಿಯ ತೊಡೆಯ ಮೇಲಿಟ್ಟಳು.